ಎರಡು ಆಂಟಿಬಯಾಟಿಕ್‌ಗಳ ಜೋಡಿ ಪರೀಕ್ಷೆ: ವರದಿ ಎಷ್ಟು ಹೇಳಬಲ್ಲದು?

ಪ್ರಶ್ನೆ: ನಮ್ಮ ತಂದೆಯವರ ರಕ್ತದ ಕಲ್ಚರ್ ವರದಿಯಲ್ಲಿ ಕ್ಲೆಬ್ಸಿಯೆಲ್ಲಾ ಬ್ಯಾಕ್ಟೀರಿಯಾ ಕಂಡುಬಂದಿದ್ದು, ಬಹುತೇಕ ಎಲ್ಲ ಔಷಧಗಳ ಮುಂದೆಯೂ ‘ನಿರೋಧಕ’ ಎಂದು ಬರೆದಿದೆ. ಎರಡೆರಡು ಔಷಧಗಳನ್ನು ಸೇರಿಸಿ ಪರೀಕ್ಷಿಸಿ, ಕೆಲಸ ಮಾಡುವ ಜೋಡಿಯನ್ನು ಪ್ರಯೋಗಾಲಯದವರೇ ಏಕೆ ಹುಡುಕಿಕೊಡುವುದಿಲ್ಲ?

ಉತ್ತರ: ಅಂಥ ಪರೀಕ್ಷೆಗಳು ಇವೆ. ಹೆಚ್ಚು ಬಳಕೆಯಲ್ಲಿರುವ ಚೆಕರ್‌ಬೋರ್ಡ್ ವಿಧಾನದಲ್ಲಿ, 96 ಗುಳಿಗಳಿರುವ ಪ್ಲಾಸ್ಟಿಕ್ ತಟ್ಟೆಯ ಒಂದು ದಿಕ್ಕಿನಲ್ಲಿ ಮೊದಲ ಔಷಧವನ್ನೂ ಇನ್ನೊಂದು ದಿಕ್ಕಿನಲ್ಲಿ ಎರಡನೆಯದನ್ನೂ ಹಂತಹಂತವಾಗಿ ಅರ್ಧಕ್ಕಿಳಿಸುತ್ತಾ ತುಂಬಿ, ಎಲ್ಲ ಗುಳಿಗಳಿಗೂ ಸಮಪ್ರಮಾಣದ ಬ್ಯಾಕ್ಟೀರಿಯಾ ಸೇರಿಸಿ, ಮರುದಿನ ಎಲ್ಲಿ ಬೆಳವಣಿಗೆ ನಿಂತಿದೆ ಎಂದು ನೋಡುತ್ತಾರೆ. ಬೆಳವಣಿಗೆ ತಡೆಯಲು ಬೇಕಾದ ಕನಿಷ್ಠ ಪ್ರಮಾಣವನ್ನು ಎಂಐಸಿ ಎನ್ನುತ್ತಾರೆ. ಜೋಡಿಯಲ್ಲಿದ್ದಾಗಿನ ಎಂಐಸಿಯನ್ನು ಒಂಟಿಯಾಗಿದ್ದಾಗಿನ ಎಂಐಸಿಯಿಂದ ಭಾಗಿಸಿ, ಎರಡೂ ಔಷಧಗಳ ಭಾಗಲಬ್ಧಗಳನ್ನು ಕೂಡಿಸಿದಾಗ ಮೊತ್ತ 0.5 ಅಥವಾ ಅದಕ್ಕಿಂತ ಕಡಿಮೆ ಬಂದರೆ ಔಷಧಗಳು ಪರಸ್ಪರ ಬಲ ಕೊಡುತ್ತಿವೆ ಎಂದೂ, 4ಕ್ಕಿಂತ ಹೆಚ್ಚಾದರೆ ಒಂದಕ್ಕೊಂದು ಅಡ್ಡಿಯಾಗುತ್ತಿವೆ ಎಂದೂ ಅರ್ಥ. ಎಂಐಸಿಯ ಅಳತೆಯೇ ಒಂದು ಹಂತ ಮೇಲೆ ಕೆಳಗೆ ಆಗುವುದು ಸಹಜವಾದ್ದರಿಂದ ಈ ಮಿತಿಗಳನ್ನು ಇಷ್ಟು ಬಿಗಿಯಾಗಿ ಇಡಲಾಗಿದೆ.

ಟೈಮ್‌ಕಿಲ್ ಎಂಬ ವಿಧಾನದಲ್ಲಿ 24 ಗಂಟೆಗಳವರೆಗೆ ಆಗಾಗ ಮಾದರಿ ತೆಗೆದು, ಬದುಕಿರುವ ಬ್ಯಾಕ್ಟೀರಿಯಾಗಳನ್ನು ಎಣಿಸುತ್ತಾರೆ. ಇದು ಹೆಚ್ಚು ತಿಳಿಸುತ್ತದೆ, ಆದರೆ ಶ್ರಮ ಬಹಳ.

ತೊಡಕಿರುವುದು ಫಲಿತಾಂಶವನ್ನು ರೋಗಿಗೆ ಅನ್ವಯಿಸುವಲ್ಲಿ. ಜೋಡಿಯಲ್ಲಿದ್ದಾಗ ಮೆರೊಪೆನೆಮ್ ಎಂಬ ಆಂಟಿಬಯಾಟಿಕ್‌ನ ಎಂಐಸಿ ಲೀಟರಿಗೆ 128 ಮಿಲಿಗ್ರಾಂನಿಂದ 32ಕ್ಕೆ ಇಳಿಯಿತು ಎಂದಿಟ್ಟುಕೊಳ್ಳಿ. ಕಾಗದದ ಮೇಲೆ ಇದು ಚೆನ್ನಾದ ಇಳಿಕೆಯೇ. ಆದರೆ ಅಷ್ಟು ಪ್ರಮಾಣವನ್ನು ಒಂದು ಡೋಸ್‌ನಿಂದ ಇನ್ನೊಂದು ಡೋಸ್‌ವರೆಗೂ ರಕ್ತದಲ್ಲಿ ಉಳಿಸಿಕೊಳ್ಳುವುದು ಬಹಳ ಕಷ್ಟ. ತಟ್ಟೆಯಲ್ಲಿ ಔಷಧದ ಪ್ರಮಾಣ ಹೆಚ್ಚುಕಡಿಮೆ ಒಂದೇ ಆಗಿರುತ್ತದೆ, ದೇಹದಲ್ಲಿ ಏರಿಳಿಯುತ್ತದೆ. ಕೊಲಿಸ್ಟಿನ್ ಮತ್ತು ಮೆರೊಪೆನೆಮ್ ಜೋಡಿ ಪ್ರಯೋಗಾಲಯಗಳಲ್ಲಿ ಮತ್ತೆ ಮತ್ತೆ ಭರವಸೆ ಮೂಡಿಸಿತ್ತು. ಆದರೆ 406 ರೋಗಿಗಳಿದ್ದ, 2018ರಲ್ಲಿ ಪ್ರಕಟವಾದ ಐಡಾ ಅಧ್ಯಯನದಲ್ಲಿ ಕೊಲಿಸ್ಟಿನ್ ಒಂದನ್ನೇ ಪಡೆದವರಿಗಿಂತ ಜೋಡಿಯನ್ನು ಪಡೆದವರ ಫಲಿತಾಂಶ ಉತ್ತಮವಾಗಿರಲಿಲ್ಲ. ಅವರಲ್ಲಿ ಹೆಚ್ಚಿನವರಿಗಿದ್ದದ್ದು ಅಸಿನೆಟೊಬ್ಯಾಕ್ಟರ್ ಎಂಬ ಬೇರೆ ಬ್ಯಾಕ್ಟೀರಿಯಾದ ಸೋಂಕು ಎಂಬುದನ್ನೂ ಇಲ್ಲಿ ಹೇಳಬೇಕು. ಜೊತೆಗೆ, ಔಷಧ ಹೆಚ್ಚಿದಷ್ಟೂ ಅಡ್ಡಪರಿಣಾಮಗಳೂ ಹೆಚ್ಚುತ್ತವೆ; ಕೊಲಿಸ್ಟಿನ್ ಮೂತ್ರಪಿಂಡಕ್ಕೆ ಮಾಡುವ ಹಾನಿ ಸಣ್ಣದಲ್ಲ.

ಹಾಗೆಂದು ಈ ಪರೀಕ್ಷೆಗಳು ವ್ಯರ್ಥವೆಂದು ನಾನು ಹೇಳುವುದಿಲ್ಲ. ಜೋಡಿ ಏಕೆ ಕೆಲಸ ಮಾಡುತ್ತದೆ ಎಂಬ ಕಾರಣ ಸ್ಪಷ್ಟವಿರುವಲ್ಲಿ ಇವು ನಿಜಕ್ಕೂ ನೆರವಾಗುತ್ತವೆ, ಮತ್ತು ನಿಮ್ಮ ತಂದೆಯವರ ವಿಷಯದಲ್ಲಿ ಅದೇ ಮುಖ್ಯವಾಗಬಹುದು. ಕೆಲವು ನಿರೋಧಕ ಬ್ಯಾಕ್ಟೀರಿಯಾಗಳಲ್ಲಿರುವ ಎನ್‌ಡಿಎಂ ಎಂಬ ಕಿಣ್ವ ಮೆರೊಪೆನೆಮ್ ಅನ್ನು ಒಡೆಯುತ್ತದೆ, ಆದರೆ ಆಜ್‌ಟ್ರಿಯೋನಾಮ್ ಎಂಬ ಇನ್ನೊಂದು ಆಂಟಿಬಯಾಟಿಕ್ ಅನ್ನು ಒಡೆಯಲಾರದು. ಆದರೂ ಅಂಥ ಬ್ಯಾಕ್ಟೀರಿಯಾಗಳಲ್ಲಿ ಸಾಮಾನ್ಯವಾಗಿ ಇರುವ ಬೇರೆ ಕಿಣ್ವಗಳು ಆಜ್‌ಟ್ರಿಯೋನಾಮ್ ಅನ್ನು ನಾಶಮಾಡುತ್ತವೆ; ಅವುಗಳಲ್ಲಿ ಹಲವನ್ನು ಎವಿಬ್ಯಾಕ್ಟಮ್ ಎಂಬ ಔಷಧ ತಡೆಯುತ್ತದೆ. ಆದ್ದರಿಂದ ಎವಿಬ್ಯಾಕ್ಟಮ್ ಸೇರಿರುವ ಸೆಫ್ಟಾಜಿಡಿಮ್-ಎವಿಬ್ಯಾಕ್ಟಮ್ ಎಂಬ ಔಷಧದ ಜೊತೆ ಆಜ್‌ಟ್ರಿಯೋನಾಮ್ ಕೊಡುವ ಕ್ರಮವಿದೆ. ಎರಡೂ ಔಷಧಗಳ ಬಿಲ್ಲೆಗಳನ್ನು ಒಂದೇ ಕೊಳವೆಯ ದ್ರವದಲ್ಲಿ ನೆನೆಸಿ ಬ್ಯಾಕ್ಟೀರಿಯಾ ಬೆಳೆಯುತ್ತದೆಯೇ ಎಂದು ನೋಡುವ ಸರಳ ಪರೀಕ್ಷೆಯನ್ನು ಇದಕ್ಕಾಗಿಯೇ ರೂಪಿಸಲಾಗಿದೆ. ಬ್ಯಾಕ್ಟೀರಿಯಾದಲ್ಲಿ ಯಾವ ಕಿಣ್ವವಿದೆ ಎಂದು ತಿಳಿದಿದೆಯೇ, ಈ ಜೋಡಿಯನ್ನು ಪರೀಕ್ಷಿಸಬಹುದೇ ಎಂದು ಚಿಕಿತ್ಸೆ ನೀಡುತ್ತಿರುವ ವೈದ್ಯರನ್ನು ತಡಮಾಡದೆ ಕೇಳಿ.