ಗಾಲ್ಫ್ ಮ್ಯಾಟ್: ದುಡ್ಡು ಹಾಕುವುದಾದರೆ ಚೆಂಡಿನ ಕೆಳಗೆ ಹಾಕಿ

ಓದುಗರ ಪ್ರಶ್ನೆಗೆ ಕ್ರೀಡಾ ಫಿಸಿಯೋಥೆರಪಿಸ್ಟ್ ಉತ್ತರ

ಪ್ರಶ್ನೆ: ನಮಸ್ಕಾರ ಸರ್. ನನಗ 47 ವರ್ಷ. ಹೈದರಾಬಾದಿನಾಗ ನೌಕರಿ ಮಾಡುವಾಗ ಗಾಲ್ಫ್ ಹಚ್ಕೊಂಡೆ. ಈಗ ಕಲಬುರಗಿಗೆ ವಾಪಸ್ ಬಂದು ಮಾಳಗಿ ಮ್ಯಾಲಿನ ಖೋಲ್ಯಾಗ, ಮನ್ಯಾಗೇ ಪರದೆಗೆ ಚೆಂಡು ಹೊಡದು ಗಾಲ್ಫ್ ಆಡೋ ಸಿಮ್ಯುಲೇಟರ್ ಹಾಕಿಸೀನಿ. ಪರದೆ, ಪ್ರೊಜೆಕ್ಟರ್, ಚೆಂಡಿನ ವೇಗ ಅಳೆಯೋ ಯಂತ್ರಕ್ಕ ರೊಕ್ಕ ಭಾಳ ಹೋತು. ನಿಂತು ಚೆಂಡು ಹೊಡಿಯೋ ಮ್ಯಾಟ್ ಮಾತ್ರ ಅಗ್ಗದ್ದು ತಂದು ಫರಸಿ ಮ್ಯಾಲೇ ಹಾಸೀನಿ. ಎರಡು ತಿಂಗಳಾತು, ಎಡ ಮೊಣಕೈ ಹೊರಗಿನ ಬಾಜು ನೋವು ಸುರು ಆಗ್ಯದ. ಚಹಾದ ಕಪ್ ಎತ್ತಿದ್ರೂ ಚಳಕ್ ಅಂತದ. ನಾ ಬಲಗೈ ಆಟಗಾರ. ದಿನಾ ಒಂದು ತಾಸು, ನೂರೈವತ್ತು ಚೆಂಡು ಹೊಡೀತೀನಿ. ಕೀಲಿಗೆ ತ್ರಾಸ ಕೊಡದ ಮ್ಯಾಟ್ ಹ್ಯಾಂಗ ಆರಿಸ್ಬೇಕು?

ಉತ್ತರ: ಮೊದಲು ನೋವಿನ ಮಾತು. ಬಲಗೈ ಆಟಗಾರರಿಗೆ ಎಡಗೈ ಮುಂದಿನ ಕೈ. ಆ ಮೊಣಕೈಯ ಹೊರಬದಿಯ ನೋವು, ಕಪ್ ಎತ್ತುವಾಗಿನ ಚಳಕು, ಇವೆರಡೂ ಟೆನಿಸ್ ಎಲ್ಬೋ ಕಡೆಗೇ ಬೊಟ್ಟು ಮಾಡುತ್ತವೆ. ಗಾಲ್ಫ್ ಆಡುವವರ ಮುಂದಿನ ಕೈಯಲ್ಲಿ ಇದು ಸಾಮಾನ್ಯ. ಹಿಂದಿನ ಕೈಗೆ, ಅಂದರೆ ನಿಮ್ಮ ಬಲಗೈಗೆ ಬರುವುದಿದ್ದರೆ ಹೆಚ್ಚಾಗಿ ಮೊಣಕೈಯ ಒಳಬದಿಗೆ ಬರುತ್ತದೆ. ಮಣಿಕಟ್ಟನ್ನು ಮೇಲೆತ್ತುವ ಸ್ನಾಯುಗಳ ಕಂಡರ (ಸ್ನಾಯುವನ್ನು ಮೂಳೆಗೆ ಕಟ್ಟುವ ಹುರಿ) ಮೂಳೆಗೆ ಅಂಟಿಕೊಳ್ಳುವ ಜಾಗ ತನ್ನ ಶಕ್ತಿ ಮೀರಿ ದುಡಿದಿದೆ. ಕೈಯಿಟ್ಟು ನೋಡದೆ ಖಚಿತವಾಗಿ ಹೇಳಲಾರೆ, ಆದರೆ ನೀವು ಬರೆದ ಲಕ್ಷಣಗಳು ಹಾಗೇ ಇವೆ.

ಇದಕ್ಕೆ ಮ್ಯಾಟ್ ಹೇಗೆ ಕಾರಣ? ಮೈದಾನದಲ್ಲಿ ಕ್ಲಬ್ (ಗಾಲ್ಫ್ ಕೋಲು) ಚೆಂಡಿಗಿಂತ ಮೊದಲು ನೆಲಕ್ಕೆ ತಾಗಿದರೂ ಹುಲ್ಲು, ಮಣ್ಣು ಸೀಳಿಕೊಂಡು ಮುಂದೆ ಹೋಗುತ್ತದೆ. ಎರೆ ಮಣ್ಣಿಗೆ ಗುದ್ದಲಿ ಹಾಕಿದರೆ ಕೈಗೆ ಏನೂ ಗೊತ್ತಾಗುವುದಿಲ್ಲ, ಅದೇ ಗುದ್ದಲಿ ಹಾಸುಗಲ್ಲಿಗೆ ಬಡಿದರೆ ಮೊಣಕೈತನಕ ಝುಮ್ಮೆನ್ನುತ್ತದೆ. ನಮ್ಮ ಕಡೆಯ ಮನೆಗಳ ನೆಲವೆಂದರೆ ಶಹಾಬಾದ್ ಕಲ್ಲು. ಅದರ ಮೇಲೆ ತೆಳು ಮ್ಯಾಟ್ ಹಾಸಿದರೆ ನೀವು ಹೊಡೆಯುತ್ತಿರುವುದು ಹಾಸುಗಲ್ಲಿಗೇ. ಕ್ಲಬ್‌ಗೆ ಕೆಳಗಿಳಿಯಲು ಜಾಗವಿಲ್ಲ, ತಟ್ಟನೆ ನಿಲ್ಲುತ್ತದೆ ಇಲ್ಲವೇ ಪುಟಿಯುತ್ತದೆ, ಉಳಿದ ರಭಸವೆಲ್ಲ ಹಿಡಿಕೆಯ ಮೂಲಕ ಕೈಗೆ ಏರುತ್ತದೆ.

ಇನ್ನೂ ಒಂದು ತೊಂದರೆ ಇದೆ, ನನಗೆ ಹೆಚ್ಚು ಚಿಂತೆ ಹುಟ್ಟಿಸುವುದು ಇದೇ. ಗಟ್ಟಿ ಮ್ಯಾಟ್ ಮೇಲೆ ತಪ್ಪು ಹೊಡೆತವೂ ಸರಿ ಕಾಣುತ್ತದೆ. ಎರಡು ಬೆರಳು ಹಿಂದೆ ನೆಲಕ್ಕೆ ಬಡಿದ ಕ್ಲಬ್ ಪುಟಿದು ಜಾರಿ ಚೆಂಡಿಗೆ ತಾಗುತ್ತದೆ, ಪರದೆಯಲ್ಲಿ ಚೆಂಡು ನೆಟ್ಟಗೆ ದೂರ ಹೋಗುತ್ತದೆ. ಆಟಗಾರ ಖುಷಿಯಾಗಿ ಅದೇ ಹೊಡೆತವನ್ನು ಮತ್ತೆ ಮತ್ತೆ ಹೊಡೆಯುತ್ತಾನೆ. ಯಂತ್ರ ಶಹಬ್ಬಾಸ್ ಅನ್ನುತ್ತಿರುವಾಗಲೇ ಮೊಣಕೈ ಸವೆಯುತ್ತಿರುತ್ತದೆ.

ಹಾಗಾಗಿ ಇಡೀ ಖೋಲಿಗೆ ದುಬಾರಿ ಹುಲ್ಲು ಹಾಸಬೇಕಿಲ್ಲ. ಚೆಂಡಿನ ಹಿಂದೆ ಒಂದು ಗೇಣು, ಮುಂದೆ ಒಂದು ಗೇಣು, ಇಷ್ಟು ಜಾಗ ಒಳ್ಳೆಯದಿರಲಿ. ಮುಂದೆ ಏಕೆಂದರೆ, ಐರನ್‌ನ (ನೆಲದ ಮೇಲಿನ ಚೆಂಡು ಹೊಡೆಯುವ ಲೋಹದ ತಲೆಯ ಕ್ಲಬ್) ಒಳ್ಳೆಯ ಹೊಡೆತದಲ್ಲಿ ಕ್ಲಬ್ಬಿನ ತೀರಾ ಕೆಳಗಿನ ಬಿಂದು ಚೆಂಡನ್ನು ದಾಟಿದ ಮೇಲೆ, ಸುಮಾರು ನಾಲ್ಕು ಇಂಚು ಮುಂದೆ ಬರುತ್ತದೆ. ಈ ಹೊಡೆಯುವ ಪಟ್ಟಿ ಬಿಡಿಯಾಗಿ ಸಿಗುತ್ತದೆ, ಸವೆದಾಗ ಅದೊಂದನ್ನೇ ಬದಲಿಸಬಹುದು. ಮುಖ್ಯವಾಗಿ ಎರಡು ಬಗೆ. ಒಂದರಲ್ಲಿ ಬ್ರಷ್‌ನಂತೆ ನೆಟ್ಟಗೆ ನಿಂತ ಎಳೆಗಳು ಕ್ಲಬ್ ಬಂದಾಗ ಬಾಗಿ ದಾರಿ ಬಿಡುತ್ತವೆ. ಫೈಬರ್‌ಬಿಲ್ಟ್ ಎಂಬ ಕಂಪನಿಯ ಮ್ಯಾಟ್ ಈ ಜಾತಿಯದು. ಇನ್ನೊಂದರಲ್ಲಿ ಹುಲ್ಲಿನ ಅಡಿ ಜೆಲ್ ಪದರ ಇರುತ್ತದೆ, ಕ್ಲಬ್ ಬಡಿದಾಗ ಅದು ಕುಗ್ಗಿ ಮುಂದಕ್ಕೆ ಸರಿಯುತ್ತದೆ. ಟ್ರೂಸ್ಟ್ರೈಕ್ ಎಂಬ ಕಂಪನಿ ಹೆಸರಾದದ್ದು ಇದಕ್ಕೆ. ಈಗಾಗಲೇ ನೋವಿರುವವರಿಗೆ ಈ ಎರಡರಲ್ಲಿ ಒಂದನ್ನೇ ನಾನು ಹೇಳುವುದು. ತೆಳು ರಬ್ಬರ್ ಮೇಲೆ ನೈಲಾನ್ ಅಂಟಿಸಿದ ಮ್ಯಾಟ್ ಎಷ್ಟೇ ಹಸಿರಾಗಿ ಕಂಡರೂ ಬೇಡ. ಅತಿ ಒತ್ತಾದ, ಉದ್ದ ಎಳೆಯ ಹುಲ್ಲೂ ಬೇಡ, ಅದು ಕ್ಲಬ್ಬನ್ನು ಹಿಡಿದು ನಿಲ್ಲಿಸುತ್ತದೆ, ಆಗ ಪೆಟ್ಟು ಮಣಿಕಟ್ಟಿಗೆ.

ಕೊಳ್ಳುವ ಮುನ್ನ ಹೆಬ್ಬೆರಳಿಂದ ಬಲವಾಗಿ ಒತ್ತಿ ನೋಡಿ, ಕೆಳಗಿನ ಗಟ್ಟಿ ನೆಲ ಬೆರಳಿಗೆ ಸಿಗಬಾರದು. ಆಮೇಲೆ ವೆಜ್ (ಹತ್ತಿರದ ಹೊಡೆತದ ಗಿಡ್ಡ ಕ್ಲಬ್) ಹಿಡಿದು, ಚೆಂಡಿಲ್ಲದೆ, ಅರ್ಧ ವೇಗದಲ್ಲಿ ಮ್ಯಾಟಿಗೆ ತಾಗಿಸಿ. ಬೆರಳಿಗೆ ಝುಮ್ ಅನ್ನಿಸಿದರೆ ಅಲ್ಲೇ ಬಿಟ್ಟು ಬನ್ನಿ. ಬಿಸಿಲಿನ ಲೆಕ್ಕವೂ ಇರಲಿ. ಮೇ ತಿಂಗಳಲ್ಲಿ ನಮ್ಮಲ್ಲಿ 40 ಡಿಗ್ರಿ ದಾಟುತ್ತದೆ, ಮಾಳಿಗೆ ಖೋಲಿ ಅದಕ್ಕಿಂತ ಕಾಯುತ್ತದೆ. ಆ ಕಾವಿಗೆ ಅಗ್ಗದ ಫೋಮ್ ಕುಗ್ಗಿ ಗಟ್ಟಿಯಾಗುತ್ತದೆ. ವರ್ಷಕ್ಕೊಮ್ಮೆ ಹೆಬ್ಬೆರಳ ಪರೀಕ್ಷೆ ಮತ್ತೆ ಮಾಡಿ.

ಈಗ ನಿಮ್ಮ ನೂರೈವತ್ತು ಚೆಂಡು. ಪಾರ್ 72ರ, ಅಂದರೆ 72 ಹೊಡೆತದಲ್ಲಿ ಮುಗಿಸಬೇಕಾದ ಮೈದಾನದಲ್ಲಿ 18 ಗುಂಡಿಗೆ ಎರಡೆರಡರಂತೆ 36 ಪಟ್ (ಚೆಂಡನ್ನು ಗುಂಡಿಗೆ ಮೆಲ್ಲಗೆ ಉರುಳಿಸುವ ಹೊಡೆತ) ಕಳೆದರೆ ಉಳಿಯುವುದು 36 ಹೊಡೆತ. ಅದೂ ನಾಲ್ಕು ತಾಸಿನಲ್ಲಿ, ನಡುನಡುವೆ ನಡೆಯುತ್ತ. ಅಂದರೆ ಒಂದು ತಾಸಿನಲ್ಲಿ ನೀವು ನಾಲ್ಕು ಪೂರ್ತಿ ಆಟಗಳಷ್ಟು ಹೊಡೆತ ಹೊಡೆಯುತ್ತಿದ್ದೀರಿ, ದಿನಾಲೂ! ಯಾವ ಮ್ಯಾಟೂ ಇದನ್ನು ತಡೆಯದು. ಸದ್ಯಕ್ಕೆ ಎರಡು ವಾರ ಐರನ್ ಮುಟ್ಟಬೇಡಿ, ಪಟಿಂಗ್ ಮಾಡಿ. ಮತ್ತೆ ಶುರು ಮಾಡುವಾಗ ದಿನ ಬಿಟ್ಟು ದಿನ, 30 ಚೆಂಡು, ಅದರಲ್ಲೂ ಐರನ್ ಹೊಡೆತಕ್ಕೆ ಚೆಂಡನ್ನು ಗಿಡ್ಡ ಟೀ (ಚೆಂಡು ಎತ್ತಿ ಹಿಡಿಯುವ ಪುಟ್ಟ ಗೂಟ) ಮೇಲೆ ಇಡಿ.

ಹೊಡೆತ ಎಲ್ಲಿ ಬೀಳುತ್ತಿದೆ ಎಂದು ತಿಳಿಯಲು ಮ್ಯಾಟ್ ಮೇಲೆ ಟಾಲ್ಕಮ್ ಪೌಡರಿನ ಅಡ್ಡಗೆರೆ ಎಳೆದು, ಚೆಂಡಿಲ್ಲದೆ ಬೀಸಿ. ಗೆರೆಯ ಹಿಂದೆ ಕ್ಲಬ್ ಉಜ್ಜಿದ ಗುರುತಿದ್ದರೆ ನೆಲಕ್ಕೆ ಮೊದಲು ಬಡಿಯುತ್ತಿದ್ದೀರಿ ಎಂದೇ ಅರ್ಥ. ಇದನ್ನು ಸರಿಪಡಿಸಿಕೊಂಡರೆ ಮೊಣಕೈಗೆ ಮ್ಯಾಟ್ ಬದಲಿಸಿದಷ್ಟೇ ಆರಾಮ ಸಿಗುತ್ತದೆ.

ವ್ಯಾಯಾಮ ಒಂದೇ ಹೇಳುತ್ತೇನೆ, ಬಿಡದೆ ಮಾಡಿ. ಮುಂಗೈಯನ್ನು ಟೇಬಲ್ ಮೇಲಿಟ್ಟು, ಅಂಗೈ ಕೆಳಮುಖವಾಗಿ, ಮಣಿಕಟ್ಟು ಅಂಚಿನಾಚೆ ಇರಲಿ. ಅರ್ಧ ಕೆ.ಜಿ. ಡಂಬೆಲ್ ಹಿಡಿದು, ಮೇಲೆತ್ತುವಾಗ ಬಲಗೈ ಆಸರೆ ಕೊಡಿ, ಇಳಿಸುವಾಗ ಎಡಗೈ ಒಂದೇ ನಾಲ್ಕು ಎಣಿಸುತ್ತ ನಿಧಾನ ಇಳಿಸಲಿ. 15ರಂತೆ ಮೂರು ಸಲ. ಗುಣ ಕಾಣಲು ವಾರಗಳಲ್ಲ, ಎರಡು ಮೂರು ತಿಂಗಳು ಬೇಕು. ನೋವಿನ ಗುಳಿಗೆ ನುಂಗಿ ಆಡಬೇಡಿ. ಸ್ಟಿರಾಯ್ಡ್ ಇಂಜೆಕ್ಷನ್‌ಗೆ ಅವಸರ ಬೇಡ, ಕೆಲವು ವಾರ ಹಾಯೆನಿಸುತ್ತದೆ, ಮುಂದೆ ನೋವು ಮರಳುವ ಸಂಭವ ಹೆಚ್ಚು. ಕಿರುಬೆರಳು, ಉಂಗುರ ಬೆರಳು ಜೋಮು ಹಿಡಿದರೆ, ರಾತ್ರಿ ನೋವಿಗೆ ಎಚ್ಚರವಾದರೆ, ಅಥವಾ ಕಿರುಬೆರಳ ಕಡೆಯ ಅಂಗೈ ಒತ್ತಿದಾಗ ನೋಯುತ್ತಿದ್ದರೆ ಕಾಯದೆ ಮೂಳೆ ವೈದ್ಯರಿಗೆ ತೋರಿಸಿ. ಕೊನೆಯದು ಹಿಡಿಕೆಯ ತುದಿ ಒತ್ತಿ ಅಲ್ಲಿನ ಸಣ್ಣ ಮೂಳೆ ಬಿರುಕು ಬಿಟ್ಟದ್ದಿರಬಹುದು, ಸಾದಾ ಎಕ್ಸ್‌ರೇಯಲ್ಲಿ ಅದು ಕಣ್ತಪ್ಪಿಸಿಕೊಳ್ಳುವುದೂ ಉಂಟು.

ಪ್ರಶ್ನೆ: ನಮ್ಮ ತಂದೆಯವರಿಗೆ 63. ಮೊಣಕಾಲು ನೋವಿದೆ ಎಂದು ಮ್ಯಾಟಿನಡಿ ದಪ್ಪ ಫೋಮ್ ಹಾಸಿಕೊಟ್ಟೆವು. ನೋವು ಹೆಚ್ಚೇ ಆಗಿದೆ. ಯಾಕೆ? (ಬೀದರ್)

ಉತ್ತರ: ಹೊಡೆಯುವ ಜಾಗ ಮೆತ್ತಗಿರಬೇಕು, ನಿಲ್ಲುವ ಜಾಗ ಬಿಗಿಯಾಗಿರಬೇಕು. ಫೋಮ್ ಮೇಲೆ ಪಾದ ಹೂತು, ದೇಹ ತಿರುಗುವಾಗ ಪಾದ ತಿರುಗದೆ, ಆ ತಿರುಚು ಮೊಣಕಾಲಿಗೆ ಬೀಳುತ್ತದೆ. ಫೋಮ್ ತೆಗೆದು ಜಿಮ್‌ನ ಗಟ್ಟಿ ರಬ್ಬರ್ ಹಾಸಿ. ಮೊಳೆಯ ಬೂಟು ಬೇಡ, ಚಪ್ಪಟೆ ತಳದ ಬೂಟು ಸಾಕು. ಬಲಗೈ ಆಟಗಾರರಾಗಿದ್ದರೆ ಎಡಪಾದವನ್ನು ಮೊದಲೇ ಸ್ವಲ್ಪ ಹೊರಮುಖ ಮಾಡಿ ನಿಲ್ಲಲಿ, ಮೊಣಕಾಲಿನ ತಿರುಚು ಅಷ್ಟರಮಟ್ಟಿಗೆ ಕಡಿಮೆಯಾಗುತ್ತದೆ.

ಪ್ರಶ್ನೆ: ಅಂಗಡಿಯಲ್ಲಿ ಫೂಟಿನ ಲೆಕ್ಕದಲ್ಲಿ ಸಿಗುವ ಹಸಿರು ಕಾರ್ಪೆಟ್‌ನಿಂದ ನಾವೇ ಮ್ಯಾಟ್ ಮಾಡಿಕೊಳ್ಳಬಹುದೇ? (ಯಾದಗಿರಿ)

ಉತ್ತರ: ನಿಲ್ಲುವ ಭಾಗಕ್ಕೆ ಧಾರಾಳವಾಗಿ. ಹೊಡೆಯುವ ಪಟ್ಟಿಯನ್ನು ಮಾತ್ರ ಕೊಂಡು ತನ್ನಿ. ಪಟ್ಟಿ ಎಷ್ಟು ದಪ್ಪವೋ ಎಲ್ಲ ಸೇರಿ ಅಷ್ಟೇ ಎತ್ತರ ಬರುವಂತೆ ಪ್ಲೈವುಡ್, ಅದರ ಮೇಲೆ ರಬ್ಬರ್, ಕಾರ್ಪೆಟ್ ಜೋಡಿಸಿ, ಪಟ್ಟಿಯ ಅಳತೆಗೆ ಕಿಂಡಿ ಕೊರೆಸಿ ಕೂಡಿಸಿ. ಕಾಲಿನ ಮಟ್ಟ, ಚೆಂಡಿನ ಮಟ್ಟ ಒಂದೇ ಇರಬೇಕು, ಚೆಂಡು ಮೇಲೆ ಕೆಳಗೆ ಆದರೆ ಹೊಡೆತ ಕೆಡುತ್ತದೆ. ಚೆಂಡಿನ ಪಕ್ಕ ಇಡುವ ಕ್ಯಾಮೆರಾ ಯಂತ್ರವೂ ಅದೇ ಮಟ್ಟಕ್ಕೆ ಬರಲಿ, ಇಲ್ಲದಿದ್ದರೆ ಅಂಕಿ ತಪ್ಪು ತೋರಿಸುತ್ತದೆ. ಕಟ್ಟಿಸುವ ಮುಂಚೆ ಅಷ್ಟೇ ಎತ್ತರದ ಹಲಗೆಯ ಮೇಲೆ ನಿಂತು ಡ್ರೈವರ್ (ಎಲ್ಲಕ್ಕಿಂತ ಉದ್ದದ ಕ್ಲಬ್) ಅನ್ನು ನಿಧಾನ ಬೀಸಿ, ಛತ್ತಿಗೆ ತಾಗುತ್ತದೆಯೇ ನೋಡಿಕೊಳ್ಳಿ. ಹತ್ತು ಫೂಟಿನ ಖೋಲಿಯಲ್ಲಿ ಎತ್ತರದವರಿಗೆ ಎರಡು ಇಂಚೂ ದೊಡ್ಡದೇ. ಸೀಲಿಂಗ್ ಫ್ಯಾನ್ ಇದ್ದರೆ ಮೊದಲು ಅದನ್ನು ಬಿಚ್ಚಿಸಿ, ಗೋಡೆಗೆ ಫ್ಯಾನ್ ಹಾಕಿಸಿಕೊಳ್ಳಿ.