ಟ್ರ್ಯಾಕಿನಲ್ಲಿ ಸ್ಲೆಡ್ ಎಳೆದು ಬಂದ ಪುಲ್ಲಿಂಗ್ ಡೀಸೆಲ್ ಎಂಜಿನ್ ಡೈನೋ ಮೇಲೆ ಯಾಕೆ ಒಡೆಯುತ್ತದೆ?

ಅಮೆರಿಕದ ಪುಲ್ಲಿಂಗ್ ಟ್ರಕ್ಕೊಂದರ (ಮಣ್ಣಿನ ಟ್ರ್ಯಾಕಿನಲ್ಲಿ ಸ್ಲೆಡ್ ಎಂಬ ಭಾರದ ಬಂಡಿ ಎಳೆಯುವ ಸ್ಪರ್ಧೆಯದು) ಎಂಜಿನ್ ಡೈನೋ ಮೇಲೆ, ಅಂದರೆ ಎಂಜಿನ್‌ಗೆ ಭಾರ ಹಾಕಿ ಶಕ್ತಿ ಅಳೆಯುವ ಯಂತ್ರದ ಮೇಲೆ, ಎರಡು ಹೋಳಾಗುವ ವಿಡಿಯೊ ನೋಡಿ ನೀವು ಕೇಳಿದ್ದು ಇಷ್ಟು: ಸ್ಲೆಡ್ ಎಳೆದಾಗ ಏನೂ ಆಗದ ಎಂಜಿನ್ ನಿಂತಲ್ಲೇ ಯಾಕೆ ಒಡೆಯಿತು, ಪಾರ್ಟ್ಸ್ ಕಳಪೆ ಇತ್ತಾ?

ಪಾರ್ಟ್ಸ್ ಮೇಲೆ ಅನುಮಾನ ಪಡುವ ಮೊದಲು ನಾನು ಕೇಳುವ ಪ್ರಶ್ನೆ ಒಂದೇ. ಫುಲ್ ಫ್ಯುಯೆಲ್ ಕೊಟ್ಟಾಗ ಆರ್‌ಪಿಎಂ ಎಷ್ಟಿತ್ತು? ಮೈದಾನದಲ್ಲಿ ಆ ಎಂಜಿನ್ ಎಂದೂ ದುಡಿಯದ ಆರ್‌ಪಿಎಂನಲ್ಲಿ ಡೈನೋ ಅದಕ್ಕೆ ಪೂರ್ತಿ ಭಾರ ಹೊರಿಸಬಲ್ಲದು. ಹೆಚ್ಚಿನ ಅನಾಹುತಗಳ ಬೇರು ಅಲ್ಲೇ ಇದೆ.

ಉದಾಹರಣೆಗೆ 5.9 ಲೀಟರಿನ ಕಮಿನ್ಸ್ 12 ವಾಲ್ವ್ ತೆಗೆದುಕೊಳ್ಳೋಣ. 1994ರಿಂದ 1998ರವರೆಗೆ ಡಾಡ್ಜ್ ರ‍್ಯಾಮ್ ಪಿಕಪ್‌ನಲ್ಲಿ ಬಾಷ್ ಪಿ7100 ಡೀಸೆಲ್ ಪಂಪಿನೊಂದಿಗೆ ಬಂದದ್ದು, ಪುಲ್ಲಿಂಗ್‌ನವರಿಗೆ ಅಚ್ಚುಮೆಚ್ಚು. ಬೋರು 102 ಮಿ.ಮೀ, ಸ್ಟ್ರೋಕ್ 120 ಮಿ.ಮೀ. ಕಂಪನಿಯಿಂದ ಬಂದಾಗ ಅತಿ ಹೆಚ್ಚೆಂದರೆ 215 ಎಚ್‌ಪಿ, ಸುಮಾರು 600 ನ್ಯೂಟನ್ ಮೀಟರ್ ಟಾರ್ಕ್. ಅದೇ ಗಾತ್ರದ ಎಂಜಿನ್‌ನಿಂದ 4500 ಆರ್‌ಪಿಎಂನಲ್ಲಿ 2000 ಎಚ್‌ಪಿ ತೆಗೆದರೆ ಟಾರ್ಕ್ 3165 ನ್ಯೂಟನ್ ಮೀಟರ್ ಆಗುತ್ತದೆ. ಸಿಲಿಂಡರಿನ ಸರಾಸರಿ ಕೆಲಸದ ಒತ್ತಡ 13 ಬಾರ್‌ನಿಂದ 68 ಬಾರ್‌ಗೆ ಏರುತ್ತದೆ. ಇದು ಸರಾಸರಿ ಮಾತ್ರ. ಗರಿಷ್ಠ ಒತ್ತಡ 300 ಬಾರ್ ಎಂದು ಹಿಡಿದರೆ ಒಂದೊಂದು ಪಿಸ್ಟನ್ ತಲೆಯ ಮೇಲೆ 25 ಟನ್ ಭಾರ ಬೀಳುತ್ತದೆ.

ಈಗ ಟೈಮಿಂಗ್, ಅಂದರೆ ಸಿಲಿಂಡರಿಗೆ ಡೀಸೆಲ್ ಯಾವಾಗ ಚಿಮ್ಮಬೇಕು ಎಂಬ ಲೆಕ್ಕ. ಪಿ7100 ಪಂಪಿನಲ್ಲಿ ಟೈಮಿಂಗ್ ಗೇರಿನ ಮೇಲೆ ಬಿಗಿದು ಕೂರಿಸಿದ್ದು, ಓಡುವಾಗ ತಾನಾಗಿ ಬದಲಾಗುವುದಿಲ್ಲ. ಟ್ರ್ಯಾಕಿಗೆಂದು 30 ಡಿಗ್ರಿ ಅಡ್ವಾನ್ಸ್ ಇಟ್ಟಿದ್ದಾರೆ ಅನ್ನಿ, ಅಂದರೆ ಪಿಸ್ಟನ್ ಮೇಲಿನ ತುದಿ ಮುಟ್ಟಲು ಕ್ರ್ಯಾಂಕ್ (ಪಿಸ್ಟನ್‌ಗಳು ತಿರುಗಿಸುವ ದಂಡ) ಇನ್ನೂ 30 ಡಿಗ್ರಿ ತಿರುಗಬೇಕಿರುವಾಗಲೇ ಡೀಸೆಲ್ ಚಿಮ್ಮುತ್ತದೆ. 5000 ಆರ್‌ಪಿಎಂನಲ್ಲಿ 30 ಡಿಗ್ರಿ ತಿರುಗಲು ಒಂದು ಮಿಲಿಸೆಕೆಂಡ್ ಬೇಕು. ಡೀಸೆಲ್ ಚಿಮ್ಮಿ ಹೊತ್ತಿಕೊಳ್ಳುವಷ್ಟರಲ್ಲಿ ಪಿಸ್ಟನ್ ಮೇಲೆ ತಲುಪಿ ಇಳಿಯಲು ಶುರುವಾಗಿರುತ್ತದೆ. ಅದೇ ಎಂಜಿನ್‌ಗೆ 2500 ಆರ್‌ಪಿಎಂನಲ್ಲಿ ಭಾರ ಹಾಕಿದರೆ ಅದೇ 30 ಡಿಗ್ರಿಗೆ ಎರಡು ಮಿಲಿಸೆಕೆಂಡ್ ಸಿಗುತ್ತದೆ. ಪಿಸ್ಟನ್ ಇನ್ನೂ ಮೇಲೆ ಬರುತ್ತಿರುವಾಗಲೇ ಬೆಂಕಿ ಬಲಿಯುತ್ತದೆ. ಒತ್ತಡದ ತುದಿ ಟಿಡಿಸಿ (ಪಿಸ್ಟನ್ ಮುಟ್ಟುವ ಅತಿ ಮೇಲಿನ ಬಿಂದು) ದಾಟಿ 10ರಿಂದ 15 ಡಿಗ್ರಿಯಲ್ಲಿ ಬರಬೇಕಾದದ್ದು ಟಿಡಿಸಿಗೂ ಮೊದಲೇ ಬಂದುಬಿಡುತ್ತದೆ. ಆ ಬಲ ಕ್ರ್ಯಾಂಕನ್ನು ತಿರುಗಿಸುವುದಿಲ್ಲ, ಸಿಲಿಂಡರುಗಳ ಮುಚ್ಚಳವಾದ ಹೆಡ್ಡನ್ನು ಮೇಲಕ್ಕೂ ಕ್ರ್ಯಾಂಕನ್ನು ಕೆಳಕ್ಕೂ ನೂಕುತ್ತದೆ ಅಷ್ಟೆ.

ಟ್ರ್ಯಾಕಿನಲ್ಲಿ ಹೀಗಾಗುವುದು ಅಪರೂಪ. ಆರ್‌ಪಿಎಂ ಏರಿಸಿ, ಟರ್ಬೊ ಬೂಸ್ಟ್ ಕಟ್ಟಿದ ಮೇಲೆ ಕ್ಲಚ್ ಬಿಡುತ್ತಾರೆ. ಆ ಕ್ಲಚ್ಚೂ ಮೊದಲು ಜಾರುತ್ತದೆ, ಟೈರೂ ಮಣ್ಣಿನಲ್ಲಿ ಜಾರುತ್ತದೆ. 300 ಅಡಿ ಮುಗಿಯುವುದರೊಳಗೆ ಎಲ್ಲ ಮುಗಿಯಿತು. ಡೈನೋದಲ್ಲಿ ಜಾರುವ ಜಾಗವೇ ಕಡಿಮೆ. ಟ್ರಕ್ಕನ್ನು ಪಟ್ಟಿ ಬಿಗಿದು ಕಟ್ಟಿರುತ್ತಾರೆ, ಬರೀ ಎಂಜಿನ್ ಆದರೆ ಶಾಫ್ಟ್ ಮೂಲಕ ನೇರ ವಾಟರ್ ಬ್ರೇಕಿಗೆ (ನೀರಿನ ತಡೆಯಿಂದ ಭಾರ ಹಾಕುವ ಡೈನೋ) ಜೋಡಿಸಿರುತ್ತಾರೆ. ದೊಡ್ಡ ಟರ್ಬೊ ಎಬ್ಬಿಸಲು ಕೆಳಗಿನ ಆರ್‌ಪಿಎಂನಲ್ಲೇ ಬ್ರೇಕ್ ಹಾಕಿ ಫುಲ್ ಫ್ಯುಯೆಲ್ ಕೊಡುತ್ತಾರೆ, ಅದರ ಮೇಲೆ ನೈಟ್ರಸ್, ಅಂದರೆ ಹೆಚ್ಚು ಆಮ್ಲಜನಕ ಕೊಡುವ ಅನಿಲ. ಆಟೊಮ್ಯಾಟಿಕ್ ಗೇರ್‌ಬಾಕ್ಸ್ ಇದ್ದರೆ ಎಂಜಿನ್‌ಗೂ ಗೇರ್‌ಬಾಕ್ಸ್‌ಗೂ ನಡುವಿನ ಟಾರ್ಕ್ ಕನ್ವರ್ಟರ್ ಜಾರದಂತೆ ಲಾಕ್ ಆದ ಕ್ಷಣ ಆರ್‌ಪಿಎಂ ಧೊಪ್ಪನೆ ಇಳಿಯುತ್ತದೆ, ಬೂಸ್ಟ್ ಮಾತ್ರ ಹಾಗೇ ಇರುತ್ತದೆ. ಕೆಟ್ಟ ಗಳಿಗೆ ಎಂದರೆ ಅದೇ.

ಹೋಳಾಗುವುದು ಬ್ಲಾಕೇ ಯಾಕೆ? ಈ ಎಂಜಿನ್‌ಗೆ ಮೂಲದಲ್ಲಿ 12 ಮಿ.ಮೀ ದಪ್ಪದ 26 ಹೆಡ್ ಬೋಲ್ಟ್‌ಗಳಿವೆ. ಒತ್ತಡ ಮಿತಿ ಮೀರಿದರೆ ಬೋಲ್ಟ್ ಹಿಗ್ಗಿ, ಹೆಡ್ ಚೂರು ಎದ್ದು, ಗ್ಯಾಸ್ಕೆಟ್ ಹೋಗುತ್ತದೆ. ಬೇಜಾರಿನ ಕೆಲಸ, ಆದರೆ ಎಂಜಿನ್ ಉಳಿಯುತ್ತದೆ. ಪುಲ್ಲಿಂಗ್‌ಗೆ 14 ಮಿ.ಮೀ ಸ್ಟಡ್, ಸಿಲಿಂಡರಿನ ಬಾಯಿ ಮುಚ್ಚುವ ಲೋಹದ ಫೈರ್ ರಿಂಗ್ ಹಾಕಿದ ಮೇಲೆ ಹೆಡ್ ಏಳುವುದಿಲ್ಲ. ಹೆಡ್ಡಿಗೂ ಕ್ರ್ಯಾಂಕನ್ನು ಕೆಳಗಿನಿಂದ ಹಿಡಿಯುವ ಮೇನ್ ಕ್ಯಾಪಿಗೂ ನಡುವೆ ಇರುವ ಎರಕದ ಕಬ್ಬಿಣವೇ ಆಗ ಪೂರ್ತಿ ಎಳೆತ ತಡೆಯಬೇಕು. ಎರಕದ ಕಬ್ಬಿಣ ಒತ್ತಿದರೆ ಗಟ್ಟಿ, ಎಳೆದರೆ ಬಡವ. ವಾಟರ್ ಜಾಕೆಟ್‌ಗೆ (ಬ್ಲಾಕಿನಲ್ಲಿ ತಣಿಸುವ ನೀರು ಹರಿಯುವ ಜಾಗ) ಸಿಮೆಂಟಿನ ಗ್ರೌಟ್ ತುಂಬಿದ್ದೇವೆ, ಇನ್ನು ಭಯವಿಲ್ಲ ಎನ್ನುವವರಿದ್ದಾರೆ. ಬೋರ್ ಗೋಡೆ ಅಲುಗದಂತೆ ಅದು ನಿಜಕ್ಕೂ ಹಿಡಿಯುತ್ತದೆ, ಆದರೆ ಸಿಮೆಂಟು ಎಳೆತಕ್ಕೆ ಆಧಾರವಲ್ಲ. ಮೇನ್ ಕ್ಯಾಪುಗಳನ್ನು ಒಂದಕ್ಕೊಂದು ಕಟ್ಟುವ ಚೌಕಟ್ಟು, ಮೇನ್ ಗರ್ಡಲ್, ಕೂಡ ಕ್ಯಾಪುಗಳನ್ನು ಹಿಡಿಯುತ್ತದೆ, ಅದರ ಮೇಲಿನ ಗೋಡೆಯನ್ನಲ್ಲ. ಈ ಮಟ್ಟದ ಶಕ್ತಿಗೆ ಹೊಸದಾಗಿ ಮಾಡಿದ ಗಟ್ಟಿ ಬ್ಲಾಕೇ ಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ.

ಎರಡನೆಯ ದೊಡ್ಡ ಕಾರಣ ಭಾರ ಇದ್ದಕ್ಕಿದ್ದಂತೆ ಕಳಚಿಕೊಳ್ಳುವುದು. ಕಪ್ಲಿಂಗ್ ಅಥವಾ ಶಾಫ್ಟ್ ಮುರಿದರೆ 3165 ನ್ಯೂಟನ್ ಮೀಟರಿಗೆ ತಿರುಗಿಸಲು ಕ್ರ್ಯಾಂಕ್ ಮತ್ತು ಫ್ಲೈವೀಲ್ ಬಿಟ್ಟು ಏನೂ ಇರುವುದಿಲ್ಲ. ಅವೆರಡರ ಜಡತ್ವ ಒಂದು ಕೆ.ಜಿ. ಚದರ ಮೀಟರ್ ಎಂದು ಹಿಡಿದರೆ, ಸೆಕೆಂಡಿನ ಇಪ್ಪತ್ತನೇ ಒಂದು ಭಾಗದಲ್ಲಿ 1500 ಆರ್‌ಪಿಎಂ ಏರುತ್ತದೆ. ಯಾರ ಕೈಯೂ ಅಷ್ಟು ಬೇಗ ಓಡುವುದಿಲ್ಲ. ಪಿಸ್ಟನ್, ಪಿನ್, ಪಿಸ್ಟನ್ನನ್ನು ಕ್ರ್ಯಾಂಕಿಗೆ ಜೋಡಿಸುವ ರಾಡಿನ ಮೇಲ್ಭಾಗ ಸೇರಿ ಎರಡು ಕೆ.ಜಿ. ತೂಗಿದರೂ 5000 ಆರ್‌ಪಿಎಂನಲ್ಲಿ ರಾಡ್ ಬೋಲ್ಟ್‌ಗಳನ್ನು ನಾಲ್ಕೂವರೆ ಟನ್ ಹತ್ತಿರ ಎಳೆಯುತ್ತದೆ, ಮತ್ತು ಈ ಎಳೆತ ಆರ್‌ಪಿಎಂನ ವರ್ಗಕ್ಕೆ ತಕ್ಕಂತೆ ಬೆಳೆಯುತ್ತದೆ. ಬೋಲ್ಟ್ ಹೋದರೆ ರಾಡ್ ಬ್ಲಾಕಿನ ಪಕ್ಕ ತೂರಿ ಹೊರಗೆ ಬರುತ್ತದೆ. ಕ್ರ್ಯಾಂಕ್‌ಕೇಸಿನ ಬಿಸಿ ಎಣ್ಣೆಯ ಮಂಜು ಗಾಳಿಗೆ ಸೇರಿ ಹೊತ್ತಿಕೊಳ್ಳುತ್ತದೆ. ವಿಡಿಯೊಗಳಲ್ಲಿ ಕಾಣುವ ಬೆಂಕಿಯ ಉಂಡೆ ಹುಟ್ಟುವುದು ಹೀಗೆ.

ಮೂರನೆಯದು ಸಿಲಿಂಡರಿನಲ್ಲಿ ದ್ರವ ನಿಲ್ಲುವುದು. ವಾಟರ್ ಇಂಜೆಕ್ಷನ್ (ಒಳಗೆ ಹೋಗುವ ಗಾಳಿ ತಣಿಸಲು ನೀರು ಸಿಂಪಡಿಸುವುದು) ನಿಯಂತ್ರಿಸುವ ಸೊಲೆನಾಯ್ಡ್ ವಾಲ್ವ್ ಸೋರಿರುತ್ತದೆ, ಇಲ್ಲವೇ ನಾಝಲ್ ತುದಿ ಸೀಳಿ ಡೀಸೆಲ್ ತೊಟ್ಟಿಕ್ಕಿರುತ್ತದೆ. ದ್ರವವನ್ನು ಗಾಳಿಯಂತೆ ಅಮುಕಲು ಆಗದು. ರಾಡ್ ಬಾಗುತ್ತದೆ, ಮುಂದಿನ ಓಟದಲ್ಲಿ ಮುರಿಯುತ್ತದೆ. ಆದ್ದರಿಂದ ಪ್ರತಿ ಓಟಕ್ಕೂ ಮೊದಲು ಸ್ಟಾರ್ಟರ್ ಮುಟ್ಟದೆ ಬಾರ್ ಹಾಕಿ ಕೈಯಿಂದ ಎರಡು ಪೂರ್ತಿ ಸುತ್ತು ತಿರುಗಿಸಿ. ಎರಡು ನಿಮಿಷದ ಕೆಲಸ, ದಯವಿಟ್ಟು ಬಿಡಬೇಡಿ.

ಡೈನೋ ಮಾಡುವವರು ನೀವೇ ಆದರೆ ಎಣ್ಣೆ 80 ಡಿಗ್ರಿ ಸೆಲ್ಸಿಯಸ್ ಮುಟ್ಟುವ ತನಕ ಭಾರ ಹಾಕಬೇಡಿ. ಮೊದಲ ಬಿಸಿಯ ನಂತರ ಪೂರ್ತಿ ತಣಿಸಿ, ಸ್ಟಡ್ ತಯಾರಕರು ಹೇಳಿದ ಟಾರ್ಕ್‌ಗೆ ಮತ್ತೆ ಬಿಗಿದು, ಟ್ಯಾಪೆಟ್ ಗ್ಯಾಪ್ ನೋಡಿ. ಮೊದಲ ಓಟ ಅರ್ಧ ಫ್ಯುಯೆಲ್‌ನಲ್ಲಿ, ಎರಡನೆಯದು ಮುಕ್ಕಾಲಿನಲ್ಲಿ ಇರಲಿ. 30 ಡಿಗ್ರಿ ಟೈಮಿಂಗ್ ಇರುವ ಎಂಜಿನ್‌ಗೆ 3500 ಆರ್‌ಪಿಎಂ ಕೆಳಗೆ ಫುಲ್ ಫ್ಯುಯೆಲ್ ಕೊಡಲೇಬೇಡಿ. ಟರ್ಬೊ ಏಳದಿದ್ದರೆ ಟರ್ಬೊ ಬದಲಿಸಿ, ಎಂಜಿನ್ನನ್ನು ಹಿಂಸಿಸಬೇಡಿ. ಒಂದೊಂದು ಓಟ ಐದಾರು ಸೆಕೆಂಡಿಗೆ ಮುಗಿಯಲಿ. ಎಣ್ಣೆಯ ಒತ್ತಡ ಪ್ರತಿ 1000 ಆರ್‌ಪಿಎಂಗೆ 0.7 ಬಾರ್‌ಗಿಂತ ಕೆಳಗೆ ಇಳಿದರೆ, ಒಂದೇ ಸಿಲಿಂಡರಿನ ಎಕ್ಸಾಸ್ಟ್ ಬಿಸಿ ಉಳಿದವಕ್ಕಿಂತ ಬೇರೆಯಾದರೆ, ಕ್ರ್ಯಾಂಕ್‌ಕೇಸ್ ಒತ್ತಡ ಜಿಗಿದರೆ ಅಲ್ಲೇ ನಿಲ್ಲಿಸಿ. ಕೊನೆಯದು ಪಿಸ್ಟನ್ ತೂತಾಗುತ್ತಿರುವ ಗುರುತು.

ನಿಲ್ಲಿಸುವುದೆಂದರೆ ಬರೀ ಫ್ಯುಯೆಲ್ ಕಡಿಯುವುದಲ್ಲ. ಟರ್ಬೊ ಸೀಲ್ ಹೋಗಿ ಎಣ್ಣೆ ಒಳಗೆ ಬಂದರೆ ಎಂಜಿನ್ ಅದನ್ನೇ ಕುಡಿದು ಓಡುತ್ತದೆ. ಗಾಳಿಯನ್ನೇ ಮುಚ್ಚುವ ಶಟ್‌ಆಫ್ ಬೇಕು, ಅದು ಓವರ್‌ಸ್ಪೀಡ್‌ಗೆ ತಾನಾಗಿ ಬೀಳುವಂತೆಯೂ ಇರಬೇಕು. ಪುಲ್ಲಿಂಗ್ ನಿಯಮಗಳಲ್ಲಿ ಬರುವ ಪಕ್ಕದ ಶೀಲ್ಡ್, ಬ್ಲಾಕು ಹೆಡ್ಡು ಸುತ್ತುವ ಉಕ್ಕಿನ ಕೇಬಲ್, ಟರ್ಬೊ ಚೂರು ಹಾರದಂತೆ ಎಕ್ಸಾಸ್ಟ್ ಪೈಪಿನಲ್ಲಿ ಅಡ್ಡಡ್ಡ ಹಾಕುವ ಎರಡು ಬೋಲ್ಟು, ಇವೆಲ್ಲ ಡೈನೋದಲ್ಲೂ ಇರಲಿ. ಎಂಜಿನ್ನಿನ ಪಕ್ಕದಲ್ಲಿ, ಫ್ಲೈವೀಲ್ ಮತ್ತು ಟರ್ಬೊ ಚಕ್ರಗಳ ನೇರದಲ್ಲಿ ಯಾರನ್ನೂ ನಿಲ್ಲಿಸಬೇಡಿ, ಫೋನ್ ಹಿಡಿದವರನ್ನಂತೂ ಖಂಡಿತ ಬೇಡ.

ಒಡೆದೇ ಹೋಗಿದ್ದರೆ ಕಾರಣ ಹುಡುಕಲು ಚೂರಾದ ಸಿಲಿಂಡರಿನಲ್ಲೇ ಕಣ್ಣು ನೆಡಬೇಡಿ, ಅಲ್ಲಿನ ಗುರುತುಗಳೆಲ್ಲ ಜಜ್ಜಿಹೋಗಿರುತ್ತವೆ. ಉಳಿದ ಐದು ರಾಡ್‌ಗಳ ಬೇರಿಂಗ್ ಬಿಚ್ಚಿ. ಬೇರಿಂಗಿನ ಎರಡು ಅರ್ಧ ಚಿಪ್ಪುಗಳಲ್ಲಿ (ಶೆಲ್) ರಾಡಿನ ಕಡೆಯ ಮೇಲಿನ ಶೆಲ್ ಸವೆದಿದ್ದು, ಕ್ರ್ಯಾಂಕಿನ ಮೇನ್ ಬೇರಿಂಗ್‌ನಲ್ಲಿ ಕೆಳಗಿನ ಶೆಲ್ ಸವೆದಿದ್ದರೆ ಅದು ಬೆಂಕಿಯ ಒತ್ತಡದ ಕೆಲಸ, ಅಂದರೆ ಟೈಮಿಂಗ್ ಅಥವಾ ನೈಟ್ರಸ್. ಕ್ಯಾಪ್ ಕಡೆಯ ಶೆಲ್ ಸವೆದು, ರಾಡ್ ಬೋಲ್ಟ್ ನಡುವೆ ಸಣ್ಣಗಾಗಿದ್ದರೆ ಓವರ್‌ಸ್ಪೀಡ್. ಬೇರಿಂಗ್ ಚೆನ್ನಾಗಿದ್ದೂ ರಾಡ್ ಬಾಗಿದ್ದರೆ ನೀರೋ ಡೀಸೆಲ್ಲೋ ನಿಂತಿತ್ತು. ರಾಡಿನ ದೊಡ್ಡ ತುದಿ ನೀಲಿಯಾಗಿದ್ದರೆ ಎಣ್ಣೆ ತಲುಪಿಲ್ಲ.