ಮೂತಿ ಅಡ್ಡ, ಹೀಟರ್ ಹಾಕಿದರೆ ತಲೆನೋವು

ಪ್ರಶ್ನೆ: ಬಾಲದಲ್ಲಿ ಚಕ್ರವಿರುವ ಸೂಪರ್ ಕಬ್ ವಿಮಾನ ನೆಲದ ಮೇಲೆ ಸಾಗುವಾಗ ಮುಂದಿನ ದಾರಿ ಕಾಣುವುದಿಲ್ಲ. ಎತ್ತರವಾಗಲು ಮೆತ್ತನೆಯ ದಿಂಬು ಹಾಕಿ ಕೂರಬಹುದೇ? ಹೀಟರ್ ಹಾಕಿದರೆ ತಲೆನೋವು ಬರುವುದೇಕೆ?

ಉತ್ತರ: ತಲೆನೋವಿನ ವಿಷಯ ಮೊದಲು, ಅದು ಜೀವದ ಪ್ರಶ್ನೆ. ಎಂಜಿನ್ನಿನ ಸೈಲೆನ್ಸರ್ ಸುತ್ತಲಿನ ತಗಡಿನ ಕವಚದಲ್ಲಿ ಬಿಸಿಯಾದ ಗಾಳಿಯೇ ಕ್ಯಾಬಿನ್‌ಗೆ ಬರುತ್ತದೆ. ಸೈಲೆನ್ಸರ್ ಬಿರುಕು ಬಿಟ್ಟರೆ ವಾಸನೆಯಿಲ್ಲದ ವಿಷಾನಿಲ ಕಾರ್ಬನ್ ಮೊನಾಕ್ಸೈಡ್ ಕೂಡ ಒಳಗೆ ಬಂದೀತು. ಹಾರುವಾಗ ತಲೆ ಭಾರವಾದರೆ ಹೀಟರ್ ಮುಚ್ಚಿ, ಹೊರಗಾಳಿ ಬಿಡಿ, ಬೇಗ ಇಳಿಯಿರಿ. ಕವಚ ಬಿಚ್ಚಿ ಸೈಲೆನ್ಸರ್ ಪರೀಕ್ಷಿಸುವವರೆಗೆ ಮತ್ತೆ ಹಾರಲೇಬೇಡಿ. ಈ ಅನಿಲ ಬಂದರೆ ಸದ್ದು ಮಾಡಿ ಎಚ್ಚರಿಸುವ ಡಿಟೆಕ್ಟರ್ ಕಣ್ಣೆದುರೇ ಇರಲಿ.

ಮೆತ್ತನೆಯ ದಿಂಬು ಬೇಡ. ಗಟ್ಟಿಯಾಗಿ ನೆಲಕ್ಕೆ ಬಡಿದಾಗ ಅದು ಪೂರ್ತಿ ಕುಗ್ಗಿ, ಪೆಟ್ಟು ಬೆನ್ನುಮೂಳೆಗೆ ಜೋರಾಗಿ ತಗಲುತ್ತದೆ. ನಿಧಾನವಾಗಿ ಕುಗ್ಗುವ, ವಿಮಾನದ ಸೀಟಿಗೆಂದೇ ತಯಾರಾದ ಗಟ್ಟಿ ಫೋಮ್ ಹಾಕಿಸಿ. ಕೂತ ಮೇಲೆ ಸ್ಟಿಕ್ (ವಿಮಾನ ನಿಯಂತ್ರಿಸುವ ಕೈಕೋಲು) ಪೂರ್ತಿ ಹಿಂದಕ್ಕೆ ಬರುತ್ತದೆಯೇ, ರಡ್ಡರ್ (ಬಾಲದ ಚುಕ್ಕಾಣಿ) ಪೆಡಲ್ ಕೊನೆಯವರೆಗೂ ಕಾಲಿಗೆ ಎಟುಕುತ್ತದೆಯೇ, ತಲೆ ಛಾವಣಿಯ ಕೊಳವೆಗೆ ತಾಗುವುದಿಲ್ಲವೇ ನೋಡಿ.

ಎತ್ತರ ಕೂತರೂ ಮೂತಿಯ ಮುಂದೆ ಸ್ವಲ್ಪ ಜಾಗ ಮರೆಯಾಗಿಯೇ ಉಳಿಯುತ್ತದೆ. ಆದ್ದರಿಂದ ಎಡಕ್ಕೂ ಬಲಕ್ಕೂ ಹಾವಿನಂತೆ ಬಳುಕುತ್ತ ಸಾಗಿ, ಪಕ್ಕದ ಕಿಟಕಿಯಿಂದ ದಾರಿ ನೋಡಿಕೊಳ್ಳಿ. ಕಿಟಕಿಯ ಅಕ್ರಿಲಿಕ್ (ಪಾರದರ್ಶಕ ಪ್ಲಾಸ್ಟಿಕ್) ಗಾಜಿನ ಧೂಳನ್ನು ಒಣಬಟ್ಟೆಯಿಂದ ಉಜ್ಜಬೇಡಿ. ನೀರು ಸುರಿದು ತೊಳೆಯಿರಿ. ಅಮೋನಿಯಾ ಇರುವ ಕ್ಲೀನರ್ ಬಳಸಿದರೆ ಸಣ್ಣ ಬಿರುಕುಗಳೆದ್ದು ಇಳಿಬಿಸಿಲಿನಲ್ಲಿ ಏನೂ ಕಾಣದು.